ಮೋರಿಗೆ ಸುರಿದ ನೀರು

ಹೋದ ವಾರ ರಾಯಕೋಟೆಯಿಂದ ಬರುವ ಬಸ್ಸಿನಲ್ಲಿ ಒಂದು ಮಗು ವಾಂತಿ ಮಾಡಿಕೊಂಡಿತು. ಹೊಸೂರು ಸ್ಟ್ಯಾಂಡಿನಲ್ಲಿ ಯಾರೋ ಅದರ ಮೇಲೆ ಫಿನಾಯಿಲ್ ಸುರಿದರು. ಹುಳಿನಾತಕ್ಕೆ ಫಿನಾಯಿಲ್ ಸೇರಿ ಮೂಗಿಗೆ ಬಡಿಯಿತು. ಸೆರಗು ಮೂಗಿಗೆ ಹಿಡಿದು ಇಳಿದೆ. ಆಗ ನೆನಪಾದವಳು ಪಕ್ಕದ ಮನೆಯ ಅಕ್ಕ...

ನಾವು ಹೊಸೂರಿನ ಆಲಸನತ್ತಂನ ಸಾಲುಮನೆಯಲ್ಲಿದ್ದ ಕಾಲ. ಅಕ್ಕ ಫ್ಯಾಕ್ಟರಿಯೊಂದರಲ್ಲಿ ಕಕ್ಕಸು ತೊಳೆಯುತ್ತಿದ್ದಳು. ಎಷ್ಟು ಸ್ನಾನ ಮಾಡಿದರೂ ಅವಳ ಮೈಯಿಂದ ಫಿನಾಯಿಲ್ ವಾಸನೆ ಹೋಗುತ್ತಿರಲಿಲ್ಲ. ನಮ್ಮತ್ತೆ ಅವಳ ಮನೆಯಿಂದ ಒಂದು ಬೆಂಕಿಪೊಟ್ಟಣವನ್ನೂ ತರಿಸುತ್ತಿರಲಿಲ್ಲ. ನಾನೇನೂ ಕಮ್ಮಿಯಿರಲಿಲ್ಲ.

ಮಗಳಿಗೆ ಆಗಷ್ಟೇ ಎರಡು ವರ್ಷ ತುಂಬಿತ್ತು. ನಾಮಕರಣದ ಮನೆಯಿಂದ ಕವರಿನಲ್ಲಿ ತಂದ ಮೊಸರನ್ನ ಮಧ್ಯಾಹ್ನವೆಲ್ಲ ಸೆಕೆಯಲ್ಲಿ ಬಿದ್ದಿತ್ತು. ಸಂಜೆ ಬಿಚ್ಚಿದರೆ ನೂಲಿನಂತೆ ಎಳೆ ಬಿಟ್ಟಿತು. ಎಸೆಯಲು ಮನಸ್ಸಾಗದೆ ಅವಳಿಗೆ ಉಣಿಸಿದೆ, ಥೂ! ಬೆಳಗಾಗುವಷ್ಟರಲ್ಲಿ ವಾಂತಿ, ಬೇದಿ ಎರಡೂ ಹಿಡಿದವು. ಚಾಪೆ, ಬಟ್ಟೆ, ನನ್ನ ಮಡಿಲು ಎಲ್ಲ ಅದೇ. ಅನ್ನದ ವಿಷಯ ನಾನು ಬಾಯಿಬಿಡಲಿಲ್ಲ.

"ನೀರು ಕುಡಿಸ್ಬ್ಯಾಡ, ಇನ್ನೂ ಬೇದಿ ಆಯ್ತದೆ. ತೊಕ್ಕ ಕಣೆ ಇದು," ಎಂದರು ಅತ್ತೆ.

ತಿಂದದ್ದು ಒಳಗೆ ಸಿಕ್ಕಿಕೊಂಡರೆ ಅದಕ್ಕೆ ತೊಕ್ಕ ಅನ್ನುತ್ತಿದ್ದರು. ತೆಗೆಯುವವನೊಬ್ಬ ಹತ್ತಿರದಲ್ಲೇ ಇದ್ದ. ಅವನು ಮಗುವಿನ ಹೊಟ್ಟೆಗೆ ಬಾಯಿಟ್ಟು ಚೀಪಿ, ವೀಳ್ಯದೆಲೆಯ ಮೇಲೆ ಕರ್ರಗಿನ ಮುದ್ದೆಯೊಂದನ್ನು ಉಗಿದ. ಎಂಜಲು, ಲೋಳೆ, ಹೊಗೆಸೊಪ್ಪಿನ ನಾತ. ಅತ್ತೆಯೂ ನಾನೂ ಕೈಮುಗಿದೆವು.

ಮನೆಗೆ ಬಂದರೆ ಅಕ್ಕ ದೊಡ್ಡ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ್ದಳು. ಸ್ವಲ್ಪಸ್ವಲ್ಪವಾಗಿ ಚಮಚದಲ್ಲಿ ಕುಡಿಸಬೇಕಂತೆ. ಕಕ್ಕಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಬೇಕಂತೆ. ಇಸಕೊಂಡೆ. ಅವಳು ಅತ್ತ ಹೋದದ್ದೇ ಮೋರಿಗೆ ಸುರಿದೆ. ಆ ಕೈಗಳು ಏನೇನು ತೊಳೆದಿದ್ದವೋ ಅನ್ನಿಸಿತ್ತು. ಉಗಿದ ಮುದ್ದೆಗೆ ಕೈಮುಗಿದು ಬಂದವಳಿಗೆ ಕುದಿಸಿದ ನೀರು ಹೇಸಿಗೆಯಾಗಿತ್ತು!

ಮಧ್ಯಾಹ್ನ ಅವಳೇ ಒಳಗೆ ನುಗ್ಗಿದಳು. ಮಗಳ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಳು. ಅದು ಎದ್ದೇ ನಿಂತಿತ್ತು.

"ಅಳ್ತಾವ್ಳೆ, ಕಣ್ಣಾಗೆ ಒಂದು ಹನಿ ಬರ್ತಿಲ್ಲ ನೋಡವ್ವ! ಉಚ್ಚೆ ಹುಯ್ದು ಎಷ್ಟೊತ್ತಾಯ್ತು?"

ಬೆಳಗಿನಿಂದ ಹುಯ್ದಿರಲಿಲ್ಲ. ಅಕ್ಕ ಅವಳನ್ನು ಹೊಲಸಿನ ಸಮೇತ ಹೆಗಲಿಗೆ ಹಾಕಿಕೊಂಡು ಆಟೋಗೆ ಓಡಿದಳು, ಹಿಂದೆ ನಾನು. ದಾರಿಯುದ್ದಕ್ಕೂ ಬೇದಿ ಅವಳ ರವಿಕೆಯ ಮೇಲೆ ಹರಿಯಿತು. ಅವಳು ಮುಖ ಕಿವುಚಲಿಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಇನ್ನೊಂದೆರಡು ಗಂಟೆ ತಡವಾಗಿದ್ದರೆ... ಎಂದು ಡಾಕ್ಟರು ಮಾತು ನಿಲ್ಲಿಸಿದರು.

ಮಗಳು ಗುಣವಾಗಿ ಮನೆಗೆ ಬಂದಮೇಲೆ ಚೊಂಬು ಕೊಡಲು ಹೋದೆ.

"ಅವತ್ತು ಆ ನೀರು ಕುಡ್ಸಿದ್ದಕ್ಕೇ ಜೀವ ಹಿಡ್ಕೊಂಡಿತ್ತು ಕಣವ್ವ," ಎಂದು ಅಕ್ಕ ಕಣ್ಣೊರೆಸಿಕೊಂಡಳು. ನಾನು ಹೌದೆಂದು ತಲೆಯಾಡಿಸಿದೆ.

ಆಮೇಲೆ ಅವಳು ಕೃಷ್ಣಗಿರಿ ಕಡೆಗೆ ಹೋದಳು. ಅಲ್ಲೇ ತೀರಿಕೊಂಡಳು; ನನಗೆ ಸುದ್ದಿ ತಿಳಿದದ್ದು ಅದಾಗಿ ಮೂರು ತಿಂಗಳಿಗೆ. ನಿಜ ಹೇಳಿ ಕ್ಷಮೆ ಕೇಳಲು ಇನ್ನು ಅವಳಿಲ್ಲ. ಆ ನೀರಿನ ಮೇಲಿದ್ದ ಹೇಸಿಗೆಯೆಲ್ಲ ಈಗ ನನ್ನ ಮೇಲೇ ತಿರುಗಿದೆ.

ಮಗಳೀಗ ಕಾಲೇಜಿಗೆ ಹೋಗುತ್ತಾಳೆ. ಹೋದ ವಾರ ಆ ಬಸ್ಸಿಳಿದು ಮನೆಗೆ ಬಂದರೆ ನೆಂಟರು ಕೂತಿದ್ದರು. ತೊಕ್ಕ ತೆಗೆದವನೇ ಮೊಮ್ಮಗಳನ್ನು ಉಳಿಸಿದ್ದು ಎಂದು ಅತ್ತೆ ಹೇಳುತ್ತಿದ್ದರು. ಬಂದವರಿಗೆ ಕಾಫಿ ಕೊಡುತ್ತಾ ನಾನೂ ಹೂಂಗುಟ್ಟಿದೆ.