ಮೇಣದ ಮೂಗು, ಕಾಕಾನ ಟೊಪ್ಪಿಗೆ

ನನ್ನ ಮೂಗು ದೊಡ್ಡದು. ಇದಕ್ಕೆ ಹೆಣ್ಣು ಕೊಡುವವರು ಯಾರು ಎಂದು ಮನೆಯವರು ಚಿಂತೆಯಲ್ಲಿದ್ದಾಗ, ಧಾರವಾಡದ ಕಾಲೇಜಿನಲ್ಲಿ ಅದೇ ಮೂಗಿನಿಂದ ನನಗೆ ಪಾತ್ರ ಸಿಕ್ಕಿತು. ಸ್ವರಾಜ್ಯ ಬರುವ ಮುಂಚಿನ ಮಾತು. ವರ್ಷದ ಗ್ಯಾದರಿಂಗಿಗೆಂದು ನಮ್ಮ ಪ್ರೊಫೆಸರರು ಹಳೆಯ ಇಂಗ್ಲಿಷ್ ನಾಟಕವೊಂದನ್ನು ಕನ್ನಡಕ್ಕೆ ತಂದಿದ್ದರು. ಸಾಲ ತೀರದಿದ್ದರೆ ಎದೆಯ ಮಾಂಸ ಕೊಯ್ದು ಕೊಡು ಎನ್ನುವ ಯಹೂದಿ ಸಾಹುಕಾರ ನಾನು. ಇದ್ದ ಮೂಗು ಸಾಲದೆಂದು ಅದರ ಮೇಲೊಂದು ಮೇಣದ ಮೂಗು ಅಂಟಿಸಿದರು, ಬೆನ್ನಿಗೆ ದಿಂಬು ಕಟ್ಟಿಸಿದರು.

"ಮಂದಿ ನಿನ್ನ ನೋಡಿ ಹೇಸಬೇಕು. ಇಲ್ಲಾಂದ್ರ ಪಾರ್ಟ್ ಬ್ಯಾರೆಯವಗ ಕೊಡ್ತೇನಿ," ಅಂದರು.

ಯಹೂದಿಯನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ, ಪ್ರೊಫೆಸರರು ಸಹ. ಹುಬ್ಬಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ರೇಲ್ವೆಯಿಂದ ಪೆನ್ಷನ್ ಪಡೆದ ಕಾಕಾ ಒಬ್ಬರಿದ್ದರು. ಮುಂಬಯಿ ಕಡೆಯವರು, ಮನೆಮಾತು ಮರಾಠಿ. ಶನಿವಾರ ಅವರ ಮನೆಯಲ್ಲಿ ಒಲೆಯನ್ನೇ ಹಚ್ಚುತ್ತಿರಲಿಲ್ಲ. ಅವ್ವನ ದೃಷ್ಟಿಯಲ್ಲಿ ಅಂಥ ಮಾರುತಿಭಕ್ತರು ಊರಲ್ಲೇ ಇಲ್ಲ. ಶನಿವಾರ ನಾನು ಅವಲಕ್ಕಿ ಬಾರಿಸುತ್ತಿದ್ದರೆ, "ಕಾಕಾರನ್ನ ನೋಡಿ ಕಲಿ," ಎಂದು ತಿವಿಯುತ್ತಿದ್ದಳು. ಹಣಮಪ್ಪನ ಗುಡಿಯ ಕಾಯಿಹೋಳು ವಾರವಾರವೂ ಅವರ ಮನೆಗೆ ಹೋಗಲೇಬೇಕು.

ಒಂದು ಸಂಜೆ ಮೇಣದ ಮೂಗು ಹಿಡಿದುಕೊಂಡೇ ಅವರ ಕಟ್ಟೆ ಹತ್ತಿದೆ.

"ಕಾಕಾರ, ನೀವು ಮುಂಬಯಿ ಕಂಡಾವ್ರು. ಯಹೂದಿ ಹ್ಯಾಂಗಿರ್ತಾನ್ರಿ?"

ಕಾಕಾ ಎದ್ದು ಒಳಗೆ ಹೋದರು. ಕರಿ ಟೊಪ್ಪಿಗೆ ಹಾಕಿಕೊಂಡು ಬಂದು, ಕೈ ಹಿಂದೆ ಕಟ್ಟಿ ಬಾಗಿಲಲ್ಲಿ ನಿಂತರು.

"ಹಿಂಗಿರ್ತಾನ."

"ಹಂಗಲ್ರಿ, ಖರೇ ಖರೇ ಯಹೂದಿ!"

"ಖರೇ ಖರೇನ ಇದ್ದೇನಿ ತಮ್ಮಾ. ನಾವು ಯಹೂದಿ ಮಂದಿ. ಶನಿವಾರ ನಮಗ ದೇವರ ದಿನ, ಅದಕ್ಕ ಒಲಿ ಹಚ್ಚಂಗಿಲ್ಲ."

ನಾನು ಮೊದಲು ಕೇಳಿದ್ದು, "ಮತ್ತ ಅವ್ವನ ಕಾಯಿ?"

"ಗುಡಿ ಪ್ರಸಾದ ನಮಗ ನಡಿಯಂಗಿಲ್ಲ. ನಿಮ್ಮವ್ವಗ ಬ್ಯಾಡ ಅನ್ನಾಕ ಮನಸ್ಸಾಗಲಿಲ್ಲ. ಟಾಂಗಾದ ಕುದುರಿಗೆ ಹಾಕ್ತೇನಿ."

ಓಣಿಯ ಟಾಂಗಾ ಕುದುರೆ ಶನಿವಾರ ಅವರ ಬಾಗಿಲು ಬಿಟ್ಟು ಕದಲದ ಕಾರಣ ಆಗ ತಿಳಿಯಿತು.

ಕಾಕಾ ಮೇಣದ ಮೂಗನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರದು ಪಾಪ, ಗುಂಡಿಯಷ್ಟು ಮೊಂಡ ಮೂಗು. ನಗುತ್ತಿದ್ದವರು ದನಿ ತಗ್ಗಿಸಿದರು.

"ಮೊಮ್ಮಗಳು ನಾಟಕಾ ನೋಡಾಕ ಬರ್ತೇನಿ ಅಂತ ಕುಣಿಯಾಕತ್ತಾಳ. ನಿನ್ನ ನೋಡಿ, 'ಅಜ್ಜಾ, ನಾವು ಹಿಂಗ ಇದ್ದೇವೇನು?' ಅಂತ ಅಂಜಬಾರದು. ಅಷ್ಟು ನೋಡಪಾ."

ತಮ್ಮ ಟೊಪ್ಪಿಗೆ ತೆಗೆದು ನನ್ನ ಕೈಗಿಟ್ಟರು. ಪಾರ್ಟ್ ಬಿಡಲು ನನಗಂತೂ ಮನಸ್ಸಿರಲಿಲ್ಲ.

ನಾಟಕದ ದಿನ ಮೇಣದ ಮೂಗು ಕಿಸೆಗೆ ಹಾಕಿ, ದಿಂಬು ಬಿಚ್ಚಿಟ್ಟು, ಸ್ವಂತ ಮೂಗಿನಲ್ಲೇ ರಂಗಕ್ಕೆ ನಡೆದೆ. ತಲೆಯ ಮೇಲೆ ಕಾಕಾನ ಟೊಪ್ಪಿಗೆ, ಕೈ ಹಿಂದೆ. ಪರದೆಯ ಮರೆಯಿಂದ ಪ್ರೊಫೆಸರರು "ಮೂಗು! ಮೂಗು!" ಎಂದು ಪಿಸುಗುಟ್ಟಿದ್ದು ಇಡೀ ಸಭೆಗೆ ಕೇಳಿಸಿತು.

ಕೋರ್ಟಿನ ದೃಶ್ಯ ಬಂತು. ನಾನು ಸೋತೆ. ಎಲ್ಲರೂ ಹೀಯಾಳಿಸಿದರು. ತಾಲೀಮಿನಲ್ಲಿ ಮಾಡಿದ್ದಂತೆ ನಾಯಕನ ಗೆಳೆಯ ನನ್ನ ಟೊಪ್ಪಿಗೆ ಹಾರಿಸಿ ಕಾಲಿಂದ ಒದ್ದ. ಮಂದಿ ಸಿಳ್ಳೆ ಹೊಡೆದರು.

ಮುಂದಿನ ಬೆಂಚಿನ ಮೇಲೆ ಕಾಕಾನ ಮೊಮ್ಮಗಳು ಎದ್ದು ನಿಂತಳು.

"ಏ! ಅದು ನಮ್ಮಜ್ಜನ ಟೊಪಿಗಿ! ಎತ್ತಿ ಕೊಡ್ರಿ!"

ಸಿಳ್ಳೆ ನಿಂತಿತು. ಒದ್ದವನು ನಮ್ಮ ಕ್ಲಾಸಿನ ಭಾರಿ ಉಡಾಳ, ಆದರೆ ಮನೆಯಲ್ಲಿ ಅಜ್ಜ ಕೆಮ್ಮಿದರೆ ನಡುಗುವವ. ಗಾಬರಿಯಾಗಿ ಬಗ್ಗಿದ, ಟೊಪ್ಪಿಗೆಯ ಧೂಳು ಕೊಡವಿದ, ಎರಡೂ ಕೈಯಿಂದ ನನಗೆ ಕೊಟ್ಟು, "ತಪ್ಪಾತ್ರಿ," ಅಂದ. ನಾಟಕದಲ್ಲಿ ಅಂಥ ಮಾತು ಎಲ್ಲೂ ಇರಲಿಲ್ಲ. ಟೊಪ್ಪಿಗೆ ಹಾಕಿಕೊಂಡು ಹೊರಟೆ. ಸೋತ ಸಾಹುಕಾರನಿಗೆ ಚಪ್ಪಾಳೆ ಬಿತ್ತು. ಪ್ರೊಫೆಸರರು ಪರೀಕ್ಷೆ ಮುಗಿಯುವವರೆಗೂ ನನ್ನೊಡನೆ ಮಾತು ಬಿಟ್ಟರು.

ಮುಂದಿನ ಶನಿವಾರ ಟೊಪ್ಪಿಗೆ ಕೊಡಲು ಹೊರಟಾಗ, ನನ್ನಿಂದ ಎಲ್ಲ ತಿಳಿದಿದ್ದ ಅವ್ವ ಒಂದು ಇಡೀ ಕಾಯಿ ತಂದು ಕೊಟ್ಟಳು. "ಇನ್ನೂ ಗುಡಿಗೆ ಒಯ್ದಿಲ್ಲ ಅಂತ ಹೇಳು."

ಕಾಕಾ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನಕ್ಕರು. ಕುದುರೆ ಆಸೆಯಿಂದ ನೋಡುತ್ತಿತ್ತು.

"ಮೊಮ್ಮಗಳು ಅಂಜಿದ್ಲೇನ್ರಿ ಕಾಕಾರ?"

"ಆಕಿ ಎಲ್ಲಿ ಅಂಜ್ತಾಳೋ ತಮ್ಮಾ! ನಿಮ್ಮ ಕಾಲೇಜಿಗೆ ಕಾಲೇಜನ್ನ ಅಂಜಿಸಿ ಬಂದಾಳ."