ಮಿಸ್ ವರ್ನೆಲ್ ಅವರ ತೋಳಿನ ಪುಸ್ತಕ

ವರ್ನೆಲ್ ಟಿಬ್ಸ್ ಅವರಿಗೆ ಸೂಜಿ ಕಂಡರೆ ಭಯ. ಅಮೆರಿಕದ ಟೊಲೀಡೊ ಊರಿನಲ್ಲಿ ಈ ಮಾತು ಹೇಳಿ ನೋಡಿ, ಯಾರೂ ನಂಬುವುದಿಲ್ಲ. ಇಪ್ಪತ್ತಾರು ವರ್ಷ ಆಸ್ಪತ್ರೆಯಲ್ಲಿ ಜನರ ರಕ್ತ ತೆಗೆದ ಕೈ ಅದು. ರಚ್ಚೆ ಹಿಡಿದ ಕೂಸಿನ ತೋಳಿನಲ್ಲೂ ಒಂದೇ ಏಟಿಗೆ ನರ ಹಿಡಿಯುತ್ತಿದ್ದರು. ಆದರೆ ಸೂಜಿ ತಮ್ಮ ಕಡೆ ತಿರುಗಿತೋ, ಅಂಗಾಲು ತಣ್ಣಗಾಗುತ್ತಿತ್ತು. ಸಕ್ಕರೆ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಬೈದೂ ಬೈದೂ ಸುಸ್ತಾಗಿದ್ದರು. ಈಕೆ ಹನ್ನೊಂದು ವರ್ಷದಿಂದ ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದರು. ನಿಜ ಗೊತ್ತಿದ್ದದ್ದು ಗಂಡನೊಬ್ಬನಿಗೆ, ಅವನೂ ತೀರಿಕೊಂಡಿದ್ದ.

ಹಾಲ್‌ವರ್ತ್ ಕಾಲೇಜು ಕಂಪನಿ ಊರಿಗೆ ಬಂದಾಗ ಅವರಿಗೆ ಐವತ್ತೆರಡು. ಬಾಗಿಲು ಹಾಕಿದ್ದ ದಿನಸಿ ಅಂಗಡಿಯೊಂದಕ್ಕೆ ನೀಲಿ ಬಣ್ಣ ಬಳಿದು, ಮುಂದೆ ದೊಡ್ಡ ಬೋರ್ಡು ನಿಲ್ಲಿಸಿದರು, ಕಾಲೇಜಾಯಿತು. ಆರು ವರ್ಷದಲ್ಲಿ ಅಂಥವು ಎಂಬತ್ತು ಊರಿಗೆ ಹಬ್ಬಿದವು. ಟೀವಿ ಹಾಕಿದರೆ ಅದೇ ಜಾಹೀರಾತು, ಬಿಳಿ ಕೋಟಿನ ಹುಡುಗಿಯ ಅದೇ ನಗು. ಮುಂದಿನ ಹಾಲ್‌ನಲ್ಲಿ ಸಾಲಾಗಿ ಫೋನು ಹಿಡಿದು ಕೂತವರಿಗೆ ದಿನವೆಲ್ಲ ಒಂದೇ ಕೆಲಸ, ಜನರನ್ನು ಸೇರಿಸುವುದು. ಒಬ್ಬರು ಸೇರಿದರೆ ಹಿತ್ತಾಳೆ ಗಂಟೆ ಬಾರಿಸಿ ಎಲ್ಲರೂ ಚಪ್ಪಾಳೆ ತಟ್ಟಬೇಕು, ಅದು ಅಲ್ಲಿಯ ಪದ್ಧತಿ. ಆಸ್ಪತ್ರೆ ಬಿಟ್ಟು, ರಕ್ತ ತೆಗೆಯುವುದನ್ನು ಕಲಿಸಲು ಅಲ್ಲಿ ಸೇರಿದ ವರ್ನೆಲ್ ಪಾಠ ಮಾಡುತ್ತಿದ್ದದ್ದು ಹಿಂದಿನ ಕೋಣೆಯಲ್ಲಿ, ಮೊದಲು ಮಾಂಸ ಕತ್ತರಿಸುತ್ತಿದ್ದ ಜಾಗದಲ್ಲಿ. ಅಲ್ಲಿ ಗಂಟೆ ಹೊಡೆದರೆ ಇಲ್ಲಿ ಸೂಜಿ ಹಿಡಿದವರ ಕೈ ಬೆಚ್ಚುತ್ತಿತ್ತು. ಮ್ಯಾನೇಜರಿಗೆ ಹೇಳಿದರೆ, ಆ ಸದ್ದಿನ ಮೇಲೆಯೇ ಕಂಪನಿ ನಿಂತಿದೆ ಎಂದು ನಕ್ಕ. ಈಕೆ ಬಾಗಿಲ ಸಂದಿಗೆ ಟವೆಲು ತುರುಕಿ ಪಾಠ ಮುಂದುವರಿಸಿದರು.

ಫೀಸು ಹಗಲುದರೋಡೆ ಎಂದು ಅವರಿಗೆ ಗೊತ್ತಿಲ್ಲದೆ ಏನಲ್ಲ. ಅದನ್ನು ನೆನೆದು ಹೊಟ್ಟೆ ಉರಿದ ದಿನಗಳೂ ಇದ್ದವು. ಕಂಪನಿ ಏನಾದರೂ ಮಾರಿಕೊಳ್ಳಲಿ, ನನ್ನ ಕೋಣೆಯಿಂದ ಹೊರಡುವವರ ಕೈ ಪಳಗಿರಬೇಕು ಎಂದು ಹಟ ಹಿಡಿದಿದ್ದರು.

ರಕ್ತ ತೆಗೆಯುವ ಕೆಲಸದ ಪರೀಕ್ಷೆಗೆ ಕೂರಬೇಕಾದರೆ ಮೂವತ್ತು ಸಲ ಮನುಷ್ಯರ ತೋಳಿನಿಂದಲೇ ರಕ್ತ ತೆಗೆದಿರಬೇಕು. ತರಗತಿಯವರು ಒಬ್ಬರಿಗೊಬ್ಬರು ತೋಳು ಕೊಡುತ್ತಿದ್ದರು. ಚುಚ್ಚಿದವರ ಲೆಕ್ಕ ಕಂಪನಿಯ ಕಡತದಲ್ಲಿರುತ್ತಿತ್ತು. ಚುಚ್ಚಿಸಿಕೊಂಡವರ ಗತಿ? ಅದಕ್ಕಾಗಿ ವರ್ನೆಲ್ ತಮ್ಮದೇ ಹಳದಿ ರಟ್ಟಿನ ಪುಸ್ತಕ ಇಟ್ಟಿದ್ದರು. ಯಾರ ತೋಳು, ಎಡವೋ ಬಲವೋ, ಯಾವತ್ತು, ಚುಚ್ಚಿದವರಾರು, ಕೊನೆಗೆ ತಮ್ಮ ಸಹಿ. ಒಂದು ತೋಳಿಗೆ ವಾರಕ್ಕೆ ಎರಡೇ ಸಲ, ಮೂರನೆಯದಕ್ಕೆ ಕೈ ಮುಟ್ಟಗೊಡುತ್ತಿರಲಿಲ್ಲ. ಪುಸ್ತಕ ದಿನವೂ ಅವರ ಚೀಲದಲ್ಲಿ ಮನೆಗೆ ಹೋಗುತ್ತಿತ್ತು. ಮಿಸ್ ವರ್ನೆಲ್ ಅವರ ತೋಳಿನ ಪುಸ್ತಕ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. ಅದರಲ್ಲಿ ನಿಮ್ಮ ತೋಳೇ ಇಲ್ಲವಲ್ಲ ಎಂದು ಕೇಳಿದರೆ, ನನ್ನ ನರಗಳನ್ನು ದೇವರಿಗೆ ಮೀಸಲಿಟ್ಟಿದ್ದೇನೆ ಎನ್ನುತ್ತಿದ್ದರು.

ಕೊನೆಯ ತಂಡದಲ್ಲಿ ಆರೇ ಜನ. ಅವರಲ್ಲೊಬ್ಬ ಡ್ವೈಟ್ ಕಿಮ್ಮಲ್, ನಲವತ್ನಾಲ್ಕರ ಆಸಾಮಿ. ಗಾಜಿನ ಕಾರ್ಖಾನೆ ಮುಚ್ಚಿ ಬೀದಿಗೆ ಬಿದ್ದವನು. ಬೆರಳು ಒಂದೊಂದೂ ಬಾಳೆಹಣ್ಣಿನಷ್ಟು ದಪ್ಪ, ಮೊದಮೊದಲು ಗಡಗಡ ನಡುಗುತ್ತಿದ್ದವು. ಈಗ ಆ ಬೆರಳುಗಳೇ ಹೂ ಎತ್ತಿದಷ್ಟು ಹಗುರ. ಶನಿವಾರದ ಪರೀಕ್ಷೆ ಪಾಸಾದರೆ ಸೋಮವಾರದಿಂದ ಆಸ್ಪತ್ರೆಯಲ್ಲಿ ಕೆಲಸ, ಇಲ್ಲದಿದ್ದರೆ ಅದು ಬೇರೆಯವರ ಪಾಲು.

ಗುರುವಾರ ಬೆಳಿಗ್ಗೆ ಬಂದು ನೋಡಿದರೆ ಕಾಲೇಜಿನ ಬಾಗಿಲಿಗೆ ಸರಪಳಿ, ಗಾಜಿಗೆ ಒಂದು ಚೀಟಿ. ಓದಿದವರಿಗೆಲ್ಲ ಕೆಲಸ ಸಿಕ್ಕಿದೆ ಎಂದು ಕಂಪನಿ ಬಿಟ್ಟ ಬುರುಡೆ ಸರ್ಕಾರಕ್ಕೆ ಗೊತ್ತಾಗಿ, ವಿದ್ಯಾರ್ಥಿಗಳ ಫೀಸಿಗೆ ಅದು ಕೊಡುತ್ತಿದ್ದ ಸಾಲದ ಹಣ ನಿಂತು, ಎಂಬತ್ತೂ ಕಾಲೇಜು ಒಂದೇ ದಿನ ಮಲಗಿದ್ದವು. ಮ್ಯಾನೇಜರ ಫೋನು ಸತ್ತಿತ್ತು. ಕಡತಗಳೆಲ್ಲ ಒಳಗೆ. ಡ್ವೈಟ್ ಫುಟ್‌ಪಾತಿನ ಅಂಚಿನಲ್ಲಿ ಕೂತು ತನ್ನ ಬೆರಳುಗಳನ್ನೇ ನೋಡುತ್ತಿದ್ದ.

ವರ್ನೆಲ್ ಚೀಲದಿಂದ ಹಳದಿ ಪುಸ್ತಕ ತೆಗೆದರು. ಕಾರಿಗೆ ಒರಗಿ ನಿಂತು ಪರೀಕ್ಷೆಯ ಕಚೇರಿಗೆ ಫೋನು ಮಾಡಿದರು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಅಲೆದಾಡಿಸಿ ಕೊನೆಗೆ ಒಬ್ಬಾಕೆ ಒಪ್ಪಿದಳು. ಗುರುವಿನ ಸಹಿಯಿರುವ ಪುಸ್ತಕ ನಡೆಯುತ್ತದೆ, ಆದರೆ ಮೂವತ್ತು ಎಂದರೆ ಮೂವತ್ತೇ, ತೋಳೂ ತರಗತಿಯೊಳಗಿನವರದ್ದೇ ಆಗಬೇಕು, ಹೊರಗಿನವರದ್ದಲ್ಲ ಎಂದಳು. ಐವರದ್ದು ತುಂಬಿತ್ತು. ಡ್ವೈಟ್‌ನದು ಇಪ್ಪತ್ತೆಂಟು. ಕೊನೆಯ ವಾರದ ಗಡಿಬಿಡಿಯಲ್ಲಿ ಎಲ್ಲರ ಎರಡೂ ತೋಳುಗಳಿಗೆ ಎರಡೆರಡು ಚುಚ್ಚು ಬಿದ್ದಾಗಿತ್ತು.

"ನನ್ನ ತೋಳಿಗೇ ಇನ್ನೆರಡು ಚುಚ್ಲಿ ಬಿಡಿ, ಯಾರು ನೋಡ್ತಾರೆ?" ಎಂದಳು ಲಕ್ರೀಶಾ ಎಂಬ ಸಹಪಾಠಿ.

"ನಾನು ನೋಡ್ತೀನಲ್ಲ" ಎಂದರು ವರ್ನೆಲ್. ಅಂದಮೇಲೆ ಉಳಿದ ತೋಳು ಯಾರದ್ದು ಎಂದು ಅವರಿಗೇ ಹೊಳೆಯಿತು.

ಶುಕ್ರವಾರ ಮಧ್ಯಾಹ್ನ ಅವರ ಚರ್ಚಿನ ನೆಲಮಾಳಿಗೆಯಲ್ಲಿ ನರ್ಸೊಬ್ಬಾಕೆ ಉಚಿತ ತಪಾಸಣೆ ನಡೆಸುತ್ತಿದ್ದಳು. ಒಂದು ಮೂಲೆ, ಸೂಜಿ, ಹತ್ತಿ ಎಲ್ಲ ಒದಗಿಸಿದಳು. ವರ್ನೆಲ್ ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಮಡಚಿದರು. ಡ್ವೈಟ್ ಕಣ್ಣು ಬಿಟ್ಟ.

"ಮಗಾ, ಒಂದು ಮಾತು ಹೇಳ್ತೀನಿ, ನಗಬೇಡ. ನಂಗೆ ಸೂಜಿ ಅಂದ್ರೆ ಜೀವ ಬಾಯಿಗೆ ಬರುತ್ತೆ."

ಡ್ವೈಟ್ ನಗಲಿಲ್ಲ. ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತಾ ನಿಧಾನವಾಗಿ ಹೇಳಿದ: "ಹೆದರೋರ ಹತ್ರ ಊಟದ ಮಾತು ತೆಗಿ ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ, ಮಿಸ್ ವರ್ನೆಲ್? ಈ ಭಾನುವಾರ ಏನು ಅಡುಗೆ?"

ಮೀನು ಕರಿಯುತ್ತೇನೆ ಎಂದರು. ಕಣ್ಣು ಮುಚ್ಚಿಕೊಂಡು ಜೋಳದ ರೊಟ್ಟಿಗೆ ಬಂದರು. ಆಮೇಲೆ ಪೀಚ್ ಹಣ್ಣಿನ ಸಿಹಿ, ಅದಕ್ಕೆ ಜಾಯಿಕಾಯಿ ಎಷ್ಟು ಹಾಕಬೇಕು ಎಂಬ ವಿಷಯಕ್ಕೆ ತಮ್ಮ ಅಕ್ಕನೊಂದಿಗೆ ಮೂವತ್ತು ವರ್ಷದಿಂದ ನಡೆದಿದ್ದ ಜಗಳ.

"ಆಯ್ತು" ಎಂದ ಡ್ವೈಟ್.

"ಎಲ್ಲಿ ಆಯ್ತು? ಬೆಣ್ಣೆ ಇನ್ನೂ ಹಾಕೇ ಇಲ್ಲ."

"ರಕ್ತ ತೆಗೆದಾಯ್ತು."

ಕಣ್ಣು ತೆರೆದರೆ ಅವನ ಕೈಯಲ್ಲಿ ತುಂಬಿದ ಕೊಳವೆ. ವರ್ನೆಲ್ ಅದನ್ನೂ ಆ ದಪ್ಪ ಬೆರಳುಗಳನ್ನೂ ನೋಡಿದರು. ಇನ್ನೊಂದು ತೋಳು ಚಾಚಿದರು. ಆಮೇಲೆ ಪುಸ್ತಕ ತೆರೆದು ತಮ್ಮ ಹೆಸರನ್ನು ಮೊದಲ ಸಲ ಬರೆದರು: ಟಿಬ್ಸ್, ಎಡ, ಟಿಬ್ಸ್, ಬಲ.

ಶನಿವಾರ ಡ್ವೈಟ್ ಪಾಸಾದ, ಸೋಮವಾರ ಕೆಲಸಕ್ಕೆ ಹೋದ. ನೀಲಿ ಕಟ್ಟಡದಲ್ಲಿ ಈಗ ಮತ್ತೆ ದಿನಸಿ ಅಂಗಡಿ. ವರ್ನೆಲ್ ಅಲ್ಲಿಯೇ ಪೀಚ್ ಹಣ್ಣು ಕೊಳ್ಳುತ್ತಾರೆ.

ಡ್ವೈಟ್ ಕೆಲಸಕ್ಕೆ ಸೇರಿದ ಮುಂದಿನ ತಿಂಗಳು ಅವರು ಸಕ್ಕರೆ ಪರೀಕ್ಷೆಗೆ ಡಾಕ್ಟರ ಚೀಟಿ ಹಿಡಿದು ಆಸ್ಪತ್ರೆಗೆ ಹೋದರು. ರಕ್ತ ತೆಗೆಯುವಲ್ಲಿ ಮೂರು ಕುರ್ಚಿ ಖಾಲಿಯಿದ್ದವು. ಆದರೂ ಡ್ವೈಟ್ ಕಿಮ್ಮಲ್ ಬಿಡುವಾಗುವವರೆಗೆ ಕಾಯುತ್ತೇನೆ ಎಂದು ಹೇಳಿ ಕೂತರು. ಅವನು ಬಂದ, ಹೆಸರು ಕೇಳಿದ, ಹುಟ್ಟಿದ ತಾರೀಖು ಕೇಳಿದ. ಅವರು ಕಲಿಸಿದ್ದು ಹಾಗೆಯೇ, ಹೆತ್ತ ತಾಯಿಯೇ ಎದುರಿಗೆ ಕೂತರೂ ಕೇಳಬೇಕು.

"ಭಾನುವಾರ ಏನು ಅಡುಗೆ, ಮಿಸ್ ವರ್ನೆಲ್?"

"ನೀನೇ ಬಂದು ನೋಡು" ಎನ್ನುತ್ತಾ ವರ್ನೆಲ್ ತೋಳು ಮುಂದಿಟ್ಟರು. ಈ ಸಲ ಕಣ್ಣು ಮುಚ್ಚಲಿಲ್ಲ.