ತರಬೇತಿ ಮುಗಿದ ಮೇಲಿನ ಕೆಲಸ

ರಾತ್ರಿ ಹನ್ನೊಂದಾದ ಮೇಲೆ ದಿಂಬಿನ ಪಕ್ಕದ ಮೊಬೈಲು ಟಿಣ್ ಎಂದರೆ, ಯಾವ ಸಾಹೇಬರ ತರಬೇತಿ ನೀರಿನಲ್ಲಿ ಹೋಮವಾಯಿತೆಂಬುದು ಶ್ರೀಮತಿ ನೀಲಗಂಗಾ ಅವರಿಗೆ ಕಣ್ಣು ತೆರೆಯುವ ಮೊದಲೇ ತಿಳಿಯುತ್ತಿತ್ತು. ಅಧಿಕಾರಿಗಳ ನಡವಳಿಕೆಯನ್ನು ತಿದ್ದುವ ಕೋಚ್‌ಗಳು ಠಾಣೆಯಿಂದ ನವಿ ಮುಂಬಯಿಯವರೆಗೆ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ತಿದ್ದಿದ್ದು ತಿದ್ದಿದಂತೆಯೇ ಉಳಿಯಲೆಂದು ವರ್ಷಗಟ್ಟಲೆ ಬೆನ್ನು ಹತ್ತಿದವರು, ಅವರ ಸಹೋದ್ಯೋಗಿಯಾದ ಈ ಲೇಖಕಿ ಕಂಡಮಟ್ಟಿಗೆ, ಇದೀಗ ನಿವೃತ್ತರಾಗುತ್ತಿರುವ ಇವರೊಬ್ಬರೇ.

ವಿಜಯಪುರದಿಂದ ಮದುವೆಯಾಗಿ ಠಾಣೆಯ ಕೋಪರಿಗೆ ಬಂದ ಅವರು ಮಹಾಪೆಯ ಪ್ಯಾಕೇಜಿಂಗ್ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗವನ್ನು ಸೇರಿದರು. ಡೊಂಬಿವಲಿಯ ಲೋಕಲ್ ರೈಲು ತಪ್ಪೀತೆಂದು ಹೊಸ ಹುಡುಗಿಯರು ಗಡಿಯಾರ ನೋಡುವುದನ್ನು ಕಂಡರೆ, ಮೀಟಿಂಗಿನ ನಡುವೆಯೇ ತಾವು ಮೊದಲು ಎದ್ದು, ಉಳಿದವರು ಏಳಲು ದಾರಿ ಮಾಡಿಕೊಡುತ್ತಿದ್ದರು. ಇಂಥವರಿಗೂ ಸಹನೆ ತಪ್ಪುತ್ತಿದ್ದ ದಿನವೊಂದಿತ್ತು: ಹೊರಗಿನ ಕೋಚ್ ಬಂದು, ಆರು ತಿಂಗಳು ಸಾಹೇಬರನ್ನು ತಿದ್ದಿ, ಕೇಕು ಕತ್ತರಿಸಿ, ಫೋಟೋ ತೆಗೆಸಿಕೊಂಡು ಹೋಗುವ ದಿನ. “ಕೇಕ್ ಹಳಸೋ ಮುಂಚೆ ಇವ್ರ ಬುದ್ಧಿ ಹಳಸ್ತದ” ಎನ್ನುತ್ತಿದ್ದರು. ಹಾಗೆಯೇ ಆಗುತ್ತಿತ್ತು.

ಕಾರ್ಖಾನೆಯ ಮುಖ್ಯಸ್ಥರಾದ ದಯಾನಂದ ಅವರ ಕಥೆಯನ್ನು ಅವರ ಒಪ್ಪಿಗೆಯಿಂದಲೇ ಇಲ್ಲಿ ಬರೆಯುತ್ತಿದ್ದೇನೆ. ಎದುರಿನವರ ಮಾತು ಮುಗಿಯುವ ಮೊದಲೇ ಕೂಗಾಡುವುದು ಅವರ ಸ್ವಭಾವವಾಗಿತ್ತು. ತರಬೇತಿಯಾದ ಮೇಲೆ ಒಂದು ವರ್ಷದೊಳಗೆ ಒಂದೇ ಒಂದು ದೂರು ಬಂದರೂ ಹುದ್ದೆ ಹೋಗುತ್ತದೆಂದು ಆಡಳಿತ ಮಂಡಳಿ ಹೇಳಿತ್ತು. ಅವರು ಸುಮ್ಮನಾದರು, ಸುಮ್ಮನಾದದ್ದೇ ತೊಂದರೆಯಾಯಿತು. ಲೋಡಿಂಗ್ ಕೂಲಿಗಳ ಮೇಸ್ತ್ರಿ, ಮುಕಾದಮ ಯಂಕಣ್ಣ ಗಾಬರಿಯಿಂದ ನೀಲಗಂಗಾ ಅವರ ಬಳಿಗೆ ಬಂದ.

“ನೀಲಗಂಗಾಬಾಯಿ, ಸಾಹೇಬ್ರು ಬೈವಲ್ರು. ನಮ್ಮನ್ನ ಕೆಲ್ಸದಿಂದ ತೆಗಿಯೋರದಾರೇನ್ರಿ?”

“ಬೈದಿಲ್ಲಂದ್ರ ಚಲೋನ ಅಲ್ಲೇನೋ?”

“ಹೆಂಗ ಚಲೋರಿ? ನಿನ್ನೆ ಬೇಕಂತನ ಗಾಡಿ ತಡಾ ಮಾಡೇವಿ. ಆದ್ರೂ ಬೈಲಿಲ್ಲ.”

ನೀಲಗಂಗಾ ಹಣೆ ಒತ್ತಿಕೊಂಡರು. ಬೈಯುವವರ ತರಬೇತಿಗೆ ಲಕ್ಷಗಟ್ಟಲೆ ಸುರಿದ ಕಂಪನಿ, ಬೈಸಿಕೊಂಡೇ ನಿಶ್ಚಿಂತರಾಗಿದ್ದವರನ್ನು ಮರೆತಿತ್ತು. “ಮೊದಲ ನಿಮ್ಮ ಚಟ ಬಿಡಸ್ಬೇಕು” ಎಂದು, ಅಂದಿನಿಂದ ಪ್ರತಿ ವಾರ ಇಡೀ ತಂಡವನ್ನು ಕೂರಿಸಿ, ದಯಾನಂದರ ಎದುರಿಗೇ ಒಂದು ವಾಕ್ಯವನ್ನು ರೂಢಿ ಮಾಡಿಸಿದರು: ನನ್ನ ಮಾತು ಇನ್ನೂ ಮುಗಿದಿಲ್ಲ. ಯಂಕಣ್ಣ ಅದನ್ನು ಹೇಳಿ, ಕೂಡಲೇ ಕೈಮುಗಿಯುತ್ತಿದ್ದ. “ಕೈ ಕೆಳಗ” ಎಂದು ಎಷ್ಟು ಸಲ ಹೇಳಿದರೋ.

ಆ ವರ್ಷ ಇನ್ನೇನು ತುಂಬುತ್ತದೆ ಎನ್ನುವಾಗ ಘಣಸೋಲಿಯ ಗ್ರಾಹಕರಿಂದ ಒಂದು ಲಾರಿ ಮಾಲು ವಾಪಸು ಬಂತು. ಮೀಟಿಂಗಿನಲ್ಲಿ ದಯಾನಂದ ಗುಣಮಟ್ಟ ವಿಭಾಗದ ವೈಶಾಲಿಯ ಮೇಲೆ ಹರಿಹಾಯ್ದರು. ಎಲ್ಲರ ಕಣ್ಣೂ ನೆಲಕ್ಕಿಳಿಯಿತು. ಕಲ್ಯಾಣದಲ್ಲೇ ಹುಟ್ಟಿ ಬೆಳೆದ ವೈಶಾಲಿ ತನಗೆ ಒಗ್ಗಿದ ಹಿಂದಿಯಲ್ಲಿ, ಕೂತಲ್ಲಿಂದ ಏಳದೆ ಅದೇ ವಾಕ್ಯ ಹೇಳಿದಳು: “ಸರ್, ಮೇರೀ ಬಾತ್ ಅಭೀ ಖತಮ್ ನಹೀ ಹುಯೀ.”

ದಯಾನಂದ ತಡೆದು ನಿಂತರು. ಕುರ್ಚಿ ಎಳೆದು ಕುಳಿತು, ಅವಳು ಹೇಳಿದ್ದನ್ನೆಲ್ಲ ಕೇಳಿದರು. ಮರುದಿನ ಅದೇ ಕೋಣೆಯಲ್ಲಿ, ಅದೇ ಜನರ ಎದುರು, “ನಿನ್ನೆ ನಂದೇ ತಪ್ಪು ಮಾರಾಯ್ರೆ” ಎಂದರು.

ತಮ್ಮ ಇಷ್ಟು ವರ್ಷದ ಕೆಲಸ ಒಂದು ದೂರಿನ ತುದಿಯಲ್ಲಿ ತೂಗುತ್ತಿದ್ದಾಗಲೂ ನೀಲಗಂಗಾ ಆ ಸಂಜೆ ವೈಶಾಲಿಯನ್ನು ಕರೆದು, “ಮ್ಯಾಲಿನವ್ರಿಗೆ ದೂರು ಹೇಳೋದು ನಿನ್ನ ಹಕ್ಕು. ನಾ ತಡಿಯಂಗಿಲ್ಲ. ಹೇಳ್ತಿ ಅಂದ್ರ ನಾನೂ ಜೋಡಿ ಬರ್ತೀನಿ” ಎಂದರು.

ಇಂಥ ನಿಷ್ಠುರ ನ್ಯಾಯ ಬೇಕಾದ ಕಚೇರಿಗಳು ಇನ್ನೂ ಹಲವಿರುವುದರಿಂದ, ಅವರಿಗೆ ಆಯುಸ್ಸು, ಆರೋಗ್ಯಗಳ ಜೊತೆಗೆ ಕೈತುಂಬ ಕೆಲಸವೂ ಇರಲಿ ಎಂದು ಹಾರೈಸುತ್ತೇನೆ. ವೈಶಾಲಿಯ ಉತ್ತರವನ್ನೂ ಅವರ ಗಳಿಕೆಯಲ್ಲಿಯೇ ಸೇರಿಸಬೇಕು. ಅವಳು ಬ್ಯಾಗು ಹೆಗಲಿಗೇರಿಸಿಕೊಂಡಳು. “ಜಿನ್ಕೋ ಬೋಲ್ನಾ ಥಾ, ಅವ್ರಿಗೇ ಹೇಳಿದ್ದೀನಿ ಮ್ಯಾಡಮ್” ಎಂದಳು. ಹೇಳಬೇಕಾದ ದಯಾನಂದರಿಗೇ ಹೇಳಿಯಾಗಿದೆ, ಇನ್ನು ಮೇಲಿನವರಿಗೆ ಹೇಳುವುದಿಲ್ಲವೆಂದು ನಿರ್ಧರಿಸಿ, ಸ್ಟೇಷನ್ನಿನ ಬಸ್ಸು ಹಿಡಿಯಲು ಹೊರಟಳು.